ಅಪ್ಪಯ್ಯನ ತಾಳಮದ್ದಳೆ ಸಿಡಿಗಳು: ಕಂಪ್ಯೂಟರಿಗೆ ಇಳಿಸಬೇಕು, ಮತ್ತೆ ಸಿಡಿಗೇ ಹಾಕಬೇಕು

ಮಲೆನಾಡಿನವಳು (ಸಾಗರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಅಪ್ಪಯ್ಯನಿಗೆ ತಾಳಮದ್ದಳೆ ಅಂದರೆ ಪ್ರಾಣ. ವೇಷ, ಕುಣಿತ ಇಲ್ಲದೆ, ಕೂತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಸುತ್ತಮುತ್ತ ಎಲ್ಲೇ ಕೂಟ ಇದ್ದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಹೆಸರಾಂತ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ (ಪದದ ಮೇಲೆ ಆಡುವ ಮಾತು) ಇದೆ, ನಮ್ಮೂರಿನ ಹವ್ಯಾಸಿಗಳದ್ದೂ ಇದೆ. ಆಮೇಲೆ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯತೊಡಗಿತು. 2005ರ ಹೊತ್ತಿಗೆ ಪೇಟೆಯ ಒಂದು ಸ್ಟುಡಿಯೋಕ್ಕೆ ಕೊಟ್ಟು ಎಲ್ಲವನ್ನೂ ಸಿಡಿ ಮಾಡಿಸಿದರು. ಕ್ಯಾಸೆಟ್ ಈಗ ಒಂದೂ ಉಳಿದಿಲ್ಲ. ಒಂದು ದೊಡ್ಡ ಬಿಸ್ಕತ್ತಿನ ಡಬ್ಬದ ತುಂಬ ಇರುವ ಈ ಸಿಡಿಗಳೇ ಗತಿ. ಕೆಲವಕ್ಕೆ ಬಾಲ್‌ಪೆನ್ನಿನಲ್ಲಿ ಪ್ರಸಂಗದ ಹೆಸರು ಬರೆದಿದೆ, ಕೆಲವಕ್ಕೆ ಕಾಗದದ ಲೇಬಲ್ ಅಂಟಿಸಿದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಇಲ್ಲ. ಭಾವ ಹೊರಗಿನಿಂದ ಸಿಕ್ಕಿಸುವ ಡ್ರೈವ್ ತಂದುಕೊಟ್ಟಿದ್ದಾರೆ. ಸಿಡಿ ಹಾಕಿದರೆ ಟ್ರ್ಯಾಕ್ 1, ಟ್ರ್ಯಾಕ್ 2 ಅಂತ ಫೈಲ್ ಕಾಣುತ್ತದೆ. ಎಳೆದು ಕಾಪಿ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಂದೊಂದು ಫೈಲೂ 1 ಕೆಬಿ. ಡಿಸ್ಕ್ ತೆಗೆದ ಮೇಲೆ ಯಾವುದೂ ಹಾಡುವುದಿಲ್ಲ. ಯಾಕೆ ಹೀಗೆ?

ಅದೇ ಡಬ್ಬದಲ್ಲಿ ಅಕ್ಕನ ಮದುವೆಯ ಡಿವಿಡಿ ಇದೆ. ಅದು ಅರ್ಧ ಕಾಪಿ ಆಗಿ 'ಸೈಕ್ಲಿಕ್ ರಿಡಂಡನ್ಸಿ ಚೆಕ್' ಅಂತ ಎರರ್ ಕೊಟ್ಟು ನಿಲ್ಲುತ್ತದೆ. ತಮ್ಮನ ಉಪನಯನದ ವಿಸಿಡಿಯೂ (ವಿಡಿಯೋ ಸಿಡಿ) ಇದೆ, ಅದರೊಳಗೆ ಡಿಎಟಿ ಅನ್ನುವ ಫೈಲ್. ಅದೂ ನಡುವೆ ನಿಂತುಬಿಡುತ್ತದೆ.

ಇನ್ನೊಂದು ಮುಖ್ಯ ವಿಷಯ. ಕಂಪ್ಯೂಟರಿಗೆ ಬಂದರೆ ಸಾಲದು, ಅಪ್ಪಯ್ಯನಿಗೆ ಹೊಸ ಸಿಡಿಗಳನ್ನೂ ಮಾಡಿಕೊಡಬೇಕು. ಈಗಿರುವುದರಲ್ಲಿ ಕೆಲವು ಪ್ಲೇಯರಿನಲ್ಲಿ ಅಡ್ಡಾದಿಡ್ಡಿ ಹಾರುತ್ತವೆ.

ಕುಂದಾಪ್ರ ಹುಡ್ಗ (ಬೆಂಗಳೂರು)

ಅಕ್ಕ, ಸಿಡಿ ಯಾಕೆ ಈಗ? ಪೆನ್‌ಡ್ರೈವ್ ಹಾಕುವ ಸ್ಪೀಕರ್ ಕಡಿಮೆ ದುಡ್ಡಿಗೆ ಸಿಗುತ್ತದೆ. ಎಲ್ಲ ಎಂಪಿ3 ಮಾಡಿ ತುಂಬಿಸಿಕೊಡಿ. ಯೂಟ್ಯೂಬಿಗೂ ಹಾಕಿಬಿಡಿ, ನಮ್ಮಂಥವರೂ ಕೇಳುತ್ತೇವೆ.

ಮಲೆನಾಡಿನವಳು

ಅದನ್ನೂ ಯೋಚಿಸಿದೆ ತಮ್ಮ. ಅಪ್ಪಯ್ಯನಿಗೆ ಗ್ಲಾಕೋಮಾ, ಕಣ್ಣು ಬಹಳ ಮಂಜು. ಹಾಸಿಗೆ ಪಕ್ಕದ ಸಿಡಿ ಪ್ಲೇಯರಿನ ಗುಂಡಿಗಳು ಮಾತ್ರ ಅವರ ಬೆರಳಿಗೆ ಗೊತ್ತು. ಮುಚ್ಚಳ ತೆಗೆಯುವುದು, ಡಿಸ್ಕ್ ಕೂರಿಸುವುದು, ಪ್ಲೇ ಒತ್ತುವುದು, ಎಲ್ಲ ಅವರೇ ಮಾಡಿಕೊಳ್ಳುತ್ತಾರೆ. ಯಾರನ್ನೂ ಕೇಳಬೇಕಾಗಿಲ್ಲ. ಅದನ್ನು ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ಹಳೇ ಸ್ಟುಡಿಯೋ (ಶಿವಮೊಗ್ಗ)

ತಂಗಿ, ಕ್ಯಾಸೆಟ್‌ನಿಂದ ಸಿಡಿ ಮಾಡಿಕೊಡುವ ಕೆಲಸವನ್ನೇ ವರ್ಷಗಟ್ಟಲೆ ಮಾಡಿದವನು ನಾನು. ನಿಮ್ಮ ಅಪ್ಪಯ್ಯನಂಥವರು ಚೀಲದ ತುಂಬ ಕ್ಯಾಸೆಟ್ ತಂದು, ಕೆಲಸ ಮುಗಿಯುವವರೆಗೂ ಅಂಗಡಿಯ ಬೆಂಚಿನ ಮೇಲೇ ಕೂತು ಕೇಳುತ್ತಿದ್ದರು. ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ 1 ಕೆಬಿ ವಿಷಯ. ಆಡಿಯೋ ಸಿಡಿ ಅಂಗಡಿಗೆ ಬಂದದ್ದು 1982ರಲ್ಲಿ. ಸೋನಿ ಮತ್ತು ಫಿಲಿಪ್ಸ್ ಸೇರಿ ಅದನ್ನು ಮಾಡಿದ್ದು ಹಾಡು ಕೇಳುವ ಯಂತ್ರಕ್ಕೆ, ಆಗ ಕಂಪ್ಯೂಟರಿನ ಯೋಚನೆ ಇರಲಿಲ್ಲ. ಅದರೊಳಗೆ ಫೈಲ್ ಅನ್ನುವುದೇ ಇಲ್ಲ. ಸೆಕೆಂಡಿಗೆ 44,100 ಸಲ ಅಳೆದ ದನಿ ಒಂದೇ ಸುರುಳಿಯಾಗಿ ಒಳಗಿನಿಂದ ಹೊರಗೆ ಸಾಗುತ್ತದೆ. ವಿಂಡೋಸ್ ತೋರಿಸುವ ಸಿಡಿಎ ಫೈಲ್ ಬರೀ 44 ಬೈಟಿನದು. ಯಾವ ಟ್ರ್ಯಾಕ್ ಎಲ್ಲಿ ಶುರು, ಎಷ್ಟು ಉದ್ದ ಅನ್ನುವುದು ಮಾತ್ರ ಅದರಲ್ಲಿದೆ. ಪುಸ್ತಕ ಬಿಟ್ಟು ಪರಿವಿಡಿ ಹರಿದುಕೊಂಡು ಬಂದ ಹಾಗೆ. ದನಿ ಬೇಕಾದರೆ ರಿಪ್ ಮಾಡಬೇಕು, ಅಂದರೆ ಡಿಸ್ಕಿನ ದನಿಯನ್ನೇ ಓದಿಸಿ ಫೈಲ್ ಮಾಡಿಕೊಳ್ಳಬೇಕು.

ರಿಪ್ ಮಾಡಲು ವಿಂಡೋಸ್ ಮೀಡಿಯಾ ಪ್ಲೇಯರ್ ಸಾಕಾಗುತ್ತದೆ, ಆದರೆ ಇದ್ದ ಒಂದೇ ಪ್ರತಿಗೆ ಅದನ್ನು ನಂಬಬೇಡಿ. ಗೀರಿನ ಹತ್ತಿರ ಓದಲು ಆಗದಿದ್ದರೆ ಅದು ಏನೋ ಒಂದು ತುಂಬಿ ಮುಂದೆ ಹೋಗಬಹುದು, ನಿಮಗೆ ಗೊತ್ತೇ ಆಗುವುದಿಲ್ಲ. ಎಕ್ಸಾಕ್ಟ್ ಆಡಿಯೋ ಕಾಪಿ ಅಂತ ಉಚಿತ ತಂತ್ರಾಂಶ ಇದೆ, ಅದನ್ನು ಹಾಕಿಕೊಳ್ಳಿ. ಅದರಲ್ಲಿ ಸೆಕ್ಯೂರ್ ಮೋಡ್ ಇಟ್ಟರೆ ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ ಹೋಲಿಸಿ ನೋಡುತ್ತದೆ. ಅಂಗಡಿಯ ಸಿಡಿಯಾದರೆ ಆಕ್ಯುರೇಟ್‌ರಿಪ್ ಅನ್ನುವ, ಬೇರೆಯವರು ಮಾಡಿದ ರಿಪ್‌ಗಳ ಪಟ್ಟಿಯ ಜೊತೆ ತಾಳೆ ನೋಡಬಹುದು. ನಿಮ್ಮದು ಮನೆಯ ಸಿಡಿ, ಜಗತ್ತಿನಲ್ಲಿ ಇನ್ಯಾರ ಹತ್ತಿರವೂ ಇಲ್ಲ, ಹಾಗಾಗಿ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಅದಕ್ಕೇ 'ಟೆಸ್ಟ್ ಅಂಡ್ ಕಾಪಿ' ಒತ್ತಿ. ಪ್ರತಿ ಟ್ರ್ಯಾಕನ್ನೂ ಎರಡು ಸಲ ಓದಿ, ಎರಡಕ್ಕೂ ಒಂದೊಂದು ಸಿಆರ್‌ಸಿ ಸಂಖ್ಯೆ (ಓದಿದ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತು) ಕೊಡುತ್ತದೆ. ಎರಡೂ ಒಂದೇ ಆಗಿದ್ದರೆ ಕಾಪಿ ಚೆನ್ನಾಗಿ ಬಂದಿದೆ ಅಂತ ನಂಬಬಹುದು. ಬೇರೆ ಬೇರೆ ಬಂದರೆ ಆ ಟ್ರ್ಯಾಕನ್ನು ಗುರುತು ಹಾಕಿ ಇಡಿ, ಡಿಸ್ಕ್ ತೊಳೆದು ಮತ್ತೆ ಮಾಡಿ.

ಉಳಿಸುವುದು ಫ್ಲಾಕ್ ಅನ್ನುವ ಫೈಲ್ ರೂಪದಲ್ಲಿ. ಹಸಿ ದನಿ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ, ಫ್ಲಾಕ್‌ನಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಒಂದಿನಿತೂ ಕಳೆದುಹೋಗುವುದಿಲ್ಲ. ಎಂಪಿ3 ಬೇಕಾದರೆ ಫ್ಲಾಕ್‌ನಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಎಂಪಿ3ಯಿಂದ ಹಿಂದಕ್ಕೆ ಬರಲು ಆಗುವುದಿಲ್ಲ.

ಇನ್ನು ಡಿಸ್ಕ್ ಒರೆಸುವುದು. ಇದನ್ನು ಹತ್ತಿರದಿಂದ ಹೇಳಬೇಕು. ಸುರುಳಿ ವೃತ್ತದ ಗುಂಟ ಇರುತ್ತದೆ. ಮಧ್ಯದ ತೂತಿನಿಂದ ಅಂಚಿನ ಕಡೆ ಬಿದ್ದ ಗೀರು ಸುರುಳಿಯನ್ನು ಅಡ್ಡ ದಾಟುತ್ತದೆ, ಪ್ರತಿ ಸುತ್ತಿನಲ್ಲೂ ಚೂರೇ ಚೂರು ಹಾಳು. ಸಿಡಿಯ ತಿದ್ದುಪಡಿ ವ್ಯವಸ್ಥೆ ಸುಮಾರು 2.5 ಮಿಲಿಮೀಟರ್ ಉದ್ದದ ಕೊರತೆಯನ್ನು ಪೂರ್ತಿ ಸರಿಪಡಿಸಿಕೊಳ್ಳುತ್ತದೆ. ಗೀರು ಸುರುಳಿಯ ಗುಂಟವೇ ಬಿದ್ದರೆ ಮಾತ್ರ ಕಷ್ಟ. ಅದಕ್ಕೇ ಒರೆಸುವಾಗ ಗುಂಡಗೆ ಉಜ್ಜಬಾರದು. ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ, ಬೆರಳ ತುದಿಯಲ್ಲಿ ಸವರಿ, ನಲ್ಲಿಯ ಕೆಳಗೆ ಹಿಡಿಯಿರಿ. ಹಳೆ ಪಂಚೆಯ ಮೆತ್ತನೆ ತುಂಡಿನಿಂದ ನಡುವಿನಿಂದ ಅಂಚಿಗೆ ನೇರ ಎಳೆಯಿರಿ. ಟೂತ್‌ಪೇಸ್ಟ್ ಹಚ್ಚಿ ಅನ್ನುವವರ ಮಾತು ಕೇಳಬೇಡಿ. ಕಾಗದದ ಲೇಬಲ್ ಅಂಟಿಸಿದ ಡಿಸ್ಕಿಗೆ ನೀರು ಸೋಕಿಸಬೇಡಿ, ಓದುವ ಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮತ್ತೆ ಎಲ್ಲರೂ ಹೊಳೆಯುವ ಬದಿಯನ್ನೇ ಜೋಪಾನ ಮಾಡುತ್ತಾರೆ. ಸಿಡಿಯಲ್ಲಿ ನಾಜೂಕಾದದ್ದು ಮೇಲಿನ ಬದಿ. ಕೆಳಗೆ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಇದೆ. ಮೇಲೆ ಬೆಳ್ಳಿಯ ಪದರಕ್ಕೆ ತೆಳು ಅರಗು ಮಾತ್ರ. ಬಾಲ್‌ಪೆನ್ ಒತ್ತಿ ಬರೆದ ಕಡೆ ಆ ಪದರವೇ ತಗ್ಗಾಗಿರಬಹುದು. ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದಷ್ಟು ಬೆಳಕು ತೂರಿ ಬಂದರೆ ಅಲ್ಲಿ ಪದರ ಉದುರಿದೆ ಅಂತ. ಅಂಥವನ್ನು ಮೊದಲು ಕಾಪಿ ಮಾಡಿ. ಲೇಬಲ್ಲನ್ನು ಯಾವ ಕಾರಣಕ್ಕೂ ಕೀಳಬೇಡಿ, ಬೆಳ್ಳಿಯೂ ಅದರ ಜೊತೆ ಎದ್ದು ಬರುತ್ತದೆ.

ಡ್ರೈವನ್ನು ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿ, ಹಬ್ ಬೇಡ. ಹಳೆ ಯುಎಸ್‌ಬಿ 2 ಪೋರ್ಟು ಕೊಡುವುದು 500 ಮಿಲಿ ಆಂಪಿಯರ್. ಡಿಸ್ಕ್ ತಿರುಗಲು ಶುರುವಾಗುವಾಗ ಅಷ್ಟೂ ಬೇಕಾಗಬಹುದು.

ಟರ್ಮಿನಲ್ ಪ್ರಿಯ (ಮೈಸೂರು)

ಸ್ಟುಡಿಯೋ ಸರ್ ಹೇಳಿದ್ದು ಸರಿ. ನಾನು ಡಿವಿಡಿ ಬಗ್ಗೆ ಮಾತ್ರ ಹೇಳುತ್ತೇನೆ.

ವಿಂಡೋಸ್ ಒಂದು ಜಾಗ ಓದಲು ಆಗಲಿಲ್ಲ ಅಂದರೆ ಇಡೀ ಫೈಲನ್ನೇ ಬಿಟ್ಟುಬಿಡುತ್ತದೆ. ಡಿವಿಡಿಯ ಒಂದೊಂದು ವಿಒಬಿ ಫೈಲು 1 ಜಿಬಿವರೆಗೂ ಇರುತ್ತದೆ. ಅಂದರೆ ಸಾಸಿವೆ ಕಾಳಿನಷ್ಟು ಕಲೆಗೆ ಇಡೀ ಧಾರೆ ಮುಹೂರ್ತವೇ ಹೋಗಬಹುದು. ಅದಕ್ಕೆ ಫೈಲ್ ಕಾಪಿ ಬಿಡಿ, ಡಿಸ್ಕಿನ ಇಮೇಜ್ ತೆಗೆಯಿರಿ, ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೇ ಒಂದೇ ಫೈಲಾಗಿ ಇಳಿಸಿಕೊಳ್ಳಿ.

ಗ್ನೂ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಅದಕ್ಕೇ ಇರುವುದು. ವಿಂಡೋಸಿನ ಬದಲು ಓಡುವ ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ, ನಿಮ್ಮ ವಿಂಡೋಸ್ ಮುಟ್ಟಬೇಕಾಗಿಲ್ಲ. ಅಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗವನ್ನು ಕೆರೆದು ಓದುವ ಕೆಲಸ ಬೇಡ ಅಂತ ಹೇಳಿ ಓಡಿಸಿ. ಆಗ ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಎರಡನೇ ಸುತ್ತಿನಲ್ಲಿ ಕೆಟ್ಟ ಜಾಗಕ್ಕೆ ಮಾತ್ರ ಮೂರು ಮರುಪ್ರಯತ್ನ ಕೊಡಿ. ಸೆಕ್ಟರ್ (ಡಿಸ್ಕಿನ ಒಂದು ತುಣುಕು) ಗಾತ್ರ 2048 ಬೈಟ್ ಅಂತ ಹೇಳುವುದು ಮರೆಯಬೇಡಿ.

ಇದರ ಚಂದ ಇರುವುದು ಮ್ಯಾಪ್ ಫೈಲಿನಲ್ಲಿ. ನಿಮ್ಮ ಡ್ರೈವ್ ಓದದ ಜಾಗವನ್ನು ಇನ್ನೊಬ್ಬರ ಡ್ರೈವ್ ಓದಬಹುದು. ನೆಂಟರ ಮನೆಯ ಹಳೆ ಡೆಸ್ಕ್‌ಟಾಪಿಗೆ ಡಿಸ್ಕ್, ಇಮೇಜ್, ಮ್ಯಾಪ್ ಫೈಲ್ ಮೂರನ್ನೂ ಒಯ್ದರೆ ಉಳಿದ ತೂತುಗಳನ್ನು ಮಾತ್ರ ತುಂಬುತ್ತದೆ. ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

ಇಮೇಜ್ ಬಂದ ಮೇಲೆ ಮೇಕ್‌ಎಂಕೆವಿ ತಂತ್ರಾಂಶದಲ್ಲಿ ತೆರೆದರೆ ಗುಣಮಟ್ಟ ಕಡಿಮೆ ಆಗದ ಹಾಗೆ ಒಂದೇ ವಿಡಿಯೋ ಆಗುತ್ತದೆ. ಅಕ್ಕನ ಫೋನಿಗೆ ಚಿಕ್ಕದಾಗಿ ಬೇಕಿದ್ದರೆ ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶ. ನಮ್ಮ ಕಡೆಯ ಮದುವೆ ಡಿವಿಡಿಗಳು ಪಾಲ್ ಅನ್ನುವ ಟಿವಿ ಪದ್ಧತಿಯವು, 720×576, ಒಂದು ಬಿಟ್ಟು ಒಂದು ಸಾಲು ಬಿಡಿಸುವ ಚಿತ್ರ. ಆ ಸಾಲುಗಳನ್ನು ಕೂಡಿಸುವ ಡಿಇಂಟರ್‌ಲೇಸ್ ಹಾಕದಿದ್ದರೆ ಆರತಿ ತಟ್ಟೆ ಆಡಿದಾಗಲೆಲ್ಲ ಅಂಚು ಗೆರೆಗೆರೆಯಾಗಿ ಕಾಣುತ್ತದೆ.

ಆಡಿಯೋ ಸಿಡಿಗೆ ಮಾತ್ರ ಡಿಡಿರೆಸ್ಕ್ಯೂ ನಡೆಯುವುದಿಲ್ಲ. ಅದಕ್ಕೆ ಸರ್ ಹೇಳಿದ ದಾರಿಯೇ.

ಮಲೆನಾಡಿನವಳು

ಇಬ್ಬರಿಗೂ ಕೈ ಮುಗಿದೆ. ಡಿವಿಡಿಯ ಇಮೇಜ್ ಬಂತು! ಊಟದ ಪಂಕ್ತಿಯಲ್ಲಿ ಒಂದೆರಡು ಕಡೆ ಚೌಕ ಚೌಕ ಒಡೆಯುತ್ತದೆ, ಉಳಿದದ್ದೆಲ್ಲ ಇದೆ. ತೀರಿಹೋದ ಅಜ್ಜಿ ಅದರಲ್ಲಿ ಸೋಬಾನೆ ಹೇಳುತ್ತಾರೆ. ಅಕ್ಕನಿಗೆ ಕಳಿಸಿದೆ, ಫೋನಿನಲ್ಲಿ ಇಬ್ಬರೂ ಅತ್ತೆವು.

ಸಿಡಿಗಳು ರಿಪ್ ಆಗುತ್ತಿವೆ. ಬಹಳಷ್ಟರಲ್ಲಿ ಎರಡು ಸಂಖ್ಯೆಯೂ ಒಂದೇ ಬರುತ್ತಿದೆ. ಒಂದು ವಿಚಿತ್ರ ಇದೆ: ಒಂದೇ ಪ್ರಸಂಗ ಸಿಡಿಯಿಂದ ಸಿಡಿಗೆ ಮಾತಿನ ಮಧ್ಯೆಯೇ ತುಂಡಾಗಿದೆ. ವಾಲಿ 'ಎಲೈ ರಾಮ' ಅನ್ನುತ್ತಾನೆ, ಅಲ್ಲಿಗೇ ಮುಗಿಯುತ್ತದೆ. ಟ್ರ್ಯಾಕುಗಳ ನಡುವೆಯೂ ಎರಡು ಸೆಕೆಂಡು ಮೌನ. ಹೊಸ ಸಿಡಿ ಮಾಡುವಾಗ ಇದನ್ನು ಸರಿ ಮಾಡಬಹುದಾ? ವಿಸಿಡಿಗೆ ಏನು ಮಾಡಲಿ?

ಹಳೇ ಸ್ಟುಡಿಯೋ

ವಿಸಿಡಿ ಬೇಗ ಮುಗಿಸುತ್ತೇನೆ. ಡೇಟಾ ಸಿಡಿಯ ಪ್ರತಿ ಸೆಕ್ಟರಿನಲ್ಲಿ 2048 ಬೈಟ್ ಮಾಹಿತಿ, ಜೊತೆಗೆ ತಪ್ಪು ತಿದ್ದಲು ಇನ್ನೊಂದಿಷ್ಟು ಜಾಗ. ವಿಸಿಡಿಯಲ್ಲಿ ಆ ತಿದ್ದುವ ಜಾಗಕ್ಕೂ ವಿಡಿಯೋ ತುಂಬಿ 2324 ಬೈಟ್ ಮಾಡಿದ್ದಾರೆ. ಅದಕ್ಕೇ ಅದು ಗೀರಿಗೆ ಬೇಗ ಸೋಲುತ್ತದೆ. ಐಸೊಬಸ್ಟರ್ ಅನ್ನುವ ತಂತ್ರಾಂಶ ಹಾಕಿ, ಎಂಪಿಇಜಿಎವಿ ಫೋಲ್ಡರಿನ ಡಿಎಟಿ ಫೈಲನ್ನು ಅದರಿಂದ ಹೊರತೆಗೆಯಿರಿ. ಓದಲಾಗದ ಜಾಗಕ್ಕೆ ಸೊನ್ನೆ ತುಂಬಿ ಮುಂದೆ ಹೋಗು ಅಂತ ಹೇಳಿದರೆ, ಚಿತ್ರ ಅಲ್ಲಲ್ಲಿ ಒಡೆದರೂ ಉಪನಯನ ಉಳಿಯುತ್ತದೆ. ವಿಎಲ್‌ಸಿಯಲ್ಲಿ ಹಾಗೇ ಓಡುತ್ತದೆ.

ಈಗ ವಾಲಿಯ ಮಾತು. ಸಿ-90 ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ 45 ನಿಮಿಷ, ಎರಡೂ ಸೇರಿ 90. ಸಿಡಿಯಲ್ಲಿ ಹಿಡಿಸುವುದು 74, ಹೆಚ್ಚೆಂದರೆ 80 ನಿಮಿಷ. ಹಾಗಾಗಿ ಒಂದು ಕ್ಯಾಸೆಟ್ಟು ಒಂದು ಸಿಡಿಗೆ ಹೊಂದುವುದೇ ಇಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕಿತ್ತು. ಕೇಳಿ ಕತ್ತರಿಸುವಷ್ಟು ಪುರುಸೊತ್ತು ಎಲ್ಲ ಅಂಗಡಿಯಲ್ಲೂ ಇರುತ್ತಿರಲಿಲ್ಲ. ಕೂಟದಲ್ಲಿ ಕ್ಯಾಸೆಟ್ ಮಗುಚುವಾಗ ಬಿಟ್ಟುಹೋದದ್ದು ಮರಳಿ ಬರುವುದಿಲ್ಲ. ಸಿಡಿಯಿಂದ ಸಿಡಿಗೆ ತುಂಡಾದದ್ದನ್ನು ಮಾತ್ರ ಜೋಡಿಸಬಹುದು. ದನಿ ಕತ್ತರಿಸಿ ಜೋಡಿಸುವ ಆಡಾಸಿಟಿ ತಂತ್ರಾಂಶದಲ್ಲಿ ಫ್ಲಾಕ್‌ಗಳನ್ನು ಸಾಲಾಗಿ ಇಟ್ಟು, ಮೌನ ತೆಗೆದು ಸೇರಿಸಿ. ಮೂಲ ಫ್ಲಾಕ್ ಮುಟ್ಟಬೇಡಿ, ಅದರ ಪ್ರತಿಯಲ್ಲಿ ಮಾಡಿ.

ಹೊಸ ಸಿಡಿ ಬರೆಯುವುದಕ್ಕೆ ಮೊದಲು ಪ್ಲೇಯರಿನ ಮುಂದೆ ಎಂಪಿ3 ಅಂತ ಅಚ್ಚಾಗಿದೆಯಾ ನೋಡಿ. ಇದ್ದರೆ 128 ಕೆಬಿಪಿಎಸ್‌ನಲ್ಲಿ ಸುಮಾರು 12 ಗಂಟೆ ಒಂದೇ ಡಿಸ್ಕಿಗೆ ಹಿಡಿಸುತ್ತದೆ. ಆದರೂ ನಿಮ್ಮ ಅಪ್ಪಯ್ಯನಿಗೆ ನಾನು ಆಡಿಯೋ ಸಿಡಿಯೇ ಮಾಡುತ್ತಿದ್ದೆ. 12 ಗಂಟೆಯ ಡಿಸ್ಕಿನಲ್ಲಿ ಬೇಕಾದ ಜಾಗ ಹುಡುಕಲು ಪರದೆ ಓದಬೇಕು. ಆಡಿಯೋ ಸಿಡಿಯನ್ನು ಪದದಿಂದ ಪದಕ್ಕೆ ಟ್ರ್ಯಾಕ್ ಕತ್ತರಿಸಿ ಮಾಡಿ. ಭಾಗವತರು (ಹಾಡುವವರು) ಪದ ಎತ್ತಿದ ಕಡೆ ಹೊಸ ಟ್ರ್ಯಾಕ್. ಆಮೇಲಿನ ಅರ್ಥ ಅದರಲ್ಲೇ ಇರಲಿ. ಒಂದು ಡಿಸ್ಕಿಗೆ 99 ಟ್ರ್ಯಾಕ್‌ವರೆಗೂ ಆಗುತ್ತದೆ, ಧಾರಾಳ ಸಾಕು. ಮುಂದಿನ ಗುಂಡಿ ಒತ್ತಿದರೆ ಮುಂದಿನ ಪದ. ಪ್ರಸಂಗ ಬಾಯಿಪಾಠ ಇರುವವರಿಗೆ ಇದಕ್ಕಿಂತ ಸಲೀಸು ಇಲ್ಲ.

ವಿಂಡೋಸಿನಲ್ಲಿ ಖಾಲಿ ಡಿಸ್ಕ್ ಹಾಕಿದ ಕೂಡಲೇ ಅದನ್ನು ಯುಎಸ್‌ಬಿ ಡ್ರೈವಿನ ಹಾಗೆ ಬಳಸಬೇಕಾ ಅಂತ ಕೇಳುತ್ತದೆ. ಅದನ್ನು ಆರಿಸಿದರೆ ಅಪ್ಪಯ್ಯನ ಪ್ಲೇಯರಿಗೆ ಆ ಡಿಸ್ಕ್ ಅರ್ಥವೇ ಆಗುವುದಿಲ್ಲ. ಆ ಕಿಟಕಿ ಮುಚ್ಚಿ, ಇಮ್ಗ್‌ಬರ್ನ್ ತಂತ್ರಾಂಶ ಅಥವಾ ವಿಂಡೋಸ್ ಮೀಡಿಯಾ ಪ್ಲೇಯರಿನ ಬರ್ನ್ ವಿಭಾಗದಿಂದ ಆಡಿಯೋ ಸಿಡಿ ಅಂತಲೇ ಬರೆಯಿರಿ. ಮೀಡಿಯಾ ಪ್ಲೇಯರಿನ ಆಯ್ಕೆಗಳಲ್ಲಿ ಟ್ರ್ಯಾಕುಗಳ ಮಧ್ಯೆ ಅಂತರ ಬೇಡ ಅನ್ನುವುದಿದೆ, ಅದಕ್ಕೆ ಟಿಕ್ ಹಾಕಿ. ಎರಡು ಸೆಕೆಂಡಿನ ಮೌನ ಹೋಗುತ್ತದೆ. ವೇಗ 16 ಇಟ್ಟರೆ ಸಾಕು, ಅವಸರ ಬೇಡ. ಸಿಡಿ-ಆರ್ ತಗೊಳ್ಳಿ, ಆರ್‌ಡಬ್ಲ್ಯೂ ಬೇಡ. ಅಳಿಸಿ ಬರೆಯುವ ಡಿಸ್ಕ್ ಬೆಳಕನ್ನು ಬಹಳ ಕಡಿಮೆ ಹಿಂದಿರುಗಿಸುತ್ತದೆ, ಹಳೆ ಪ್ಲೇಯರುಗಳು ಅದನ್ನು ಓದುವುದೇ ಇಲ್ಲ.

ಖಾಲಿ ಡಿಸ್ಕ್ ಸಿಕ್ಕಾಗ ಒಂದು ಡಬ್ಬ ಜಾಸ್ತಿಯೇ ಕೊಂಡಿಡಿ. ನಮ್ಮ ಕಾಲದಲ್ಲಿ ಗ್ರೇಟರ್ ನೋಯ್ಡಾದ ಮೋಸರ್ ಬೇರ್ ಡಿಸ್ಕ್ ಇಲ್ಲದ ಅಂಗಡಿ ಇರಲಿಲ್ಲ. 2018ರಲ್ಲಿ ಆ ಕಂಪನಿ ಮುಚ್ಚುವ ಆದೇಶ ಆಯಿತು. ಸೋನಿಯವರು ಬರೆಯಬಲ್ಲ ಬ್ಲೂ-ರೇ ತಯಾರಿಕೆಯನ್ನು 2025ರ ಫೆಬ್ರವರಿಗೆ ನಿಲ್ಲಿಸಿದರು. ಈ ಸಾಮಾನು ದಿನೇ ದಿನೇ ಕಡಿಮೆ ಆಗುತ್ತಿದೆ. ಹೆಸರು ಬರೆಯಲು ಮೆತ್ತನೆ ತುದಿಯ ಸಿಡಿ ಮಾರ್ಕರ್ ಸಾಕು. ಅಪ್ಪಯ್ಯನಿಗೆ ಗುರುತು ಬೇಕಾದರೆ ಡಿಸ್ಕಿಗೆ ಏನೂ ಅಂಟಿಸಬೇಡಿ, ಡಬ್ಬಿಯ ಮೇಲೆ ಕೈಗೆ ಸಿಗುವಂಥದ್ದು ಅಂಟಿಸಿ.

ಫ್ಲಾಕ್‌ಗಳ ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿ. ಮಲೆನಾಡಿನ ಮಳೆಗಾಲ, ಸಿಡಿಲು ಎರಡೂ ನಿಮಗೆ ಹೇಳಿಕೊಡಬೇಕಾಗಿಲ್ಲ.

ಮಣೆಹತ್ತಿರದವ (ಶಿರಸಿ)

ತಂಗಿ, ಯೂಟ್ಯೂಬ್ ಬಗ್ಗೆ ಒಂದು ಮಾತು. ಮನೆಯಲ್ಲಿ ಕೇಳಲು ಕಾಪಿ ಮಾಡುವುದು ಬೇರೆ, ಲೋಕಕ್ಕೆ ಹಾಕುವುದು ಬೇರೆ. ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ಭಾಗವತರು, ಮದ್ದಳೆಗಾರರು, ಅರ್ಥಧಾರಿಗಳು ಎಲ್ಲರೂ ಅದರಲ್ಲಿ ಬರುತ್ತಾರೆ. ಅವರನ್ನೋ ಮನೆಯವರನ್ನೋ ಕೇಳಿ ಹಾಕಿ. ಕೇಳಿದರೆ ಬೇಡ ಅನ್ನುವವರು ನಮ್ಮ ಕಡೆ ಕಡಿಮೆ, ಸಂತೋಷವೇ ಪಡುತ್ತಾರೆ.

ಅದಕ್ಕಿಂತ ಮುಖ್ಯ ಕೆಲಸ ಇನ್ನೊಂದಿದೆ. ಪ್ರತಿ ಪ್ರಸಂಗದಲ್ಲೂ ಯಾರು ಭಾಗವತರು, ಮದ್ದಳೆ ಯಾರದ್ದು, ವಾಲಿ ಯಾರು, ರಾಮ ಯಾರು, ಯಾವ ದೇವಸ್ಥಾನದಲ್ಲಿ, ಯಾವ ವರ್ಷ ಅನ್ನುವುದನ್ನು ಅಪ್ಪಯ್ಯನ ಹತ್ತಿರ ಕೂತು ಈಗಲೇ ಬರೆದುಕೊಳ್ಳಿ. ದನಿ ಕೇಳಿದ ಕೂಡಲೇ ಅವರು ಹೇಳಿಬಿಡುತ್ತಾರೆ. ಊರಿನ ಹವ್ಯಾಸಿಗಳ ಹೆಸರು ಬೇರೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಮಲೆನಾಡಿನವಳು

ನಿನ್ನೆ ರಾತ್ರಿಯೇ ಶುರು ಮಾಡಿದೆವು. ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಸಾಕು, ಮದ್ದಳೆಯ ಪೆಟ್ಟು ಕೇಳಿಯೇ ಯಾರ ಕೈ ಅಂತ ಹೇಳುತ್ತಾರೆ. ಈ ಹೆಸರುಗಳನ್ನು ಫೈಲಿಗೆ ಕನ್ನಡದಲ್ಲೇ ಇಡಬಹುದಾ?

ಟರ್ಮಿನಲ್ ಪ್ರಿಯ

ಖಂಡಿತ ಇಡಿ. ಕಂಪ್ಯೂಟರಿನಲ್ಲಿ ಫೈಲಿನ ಹೆಸರು, ಫ್ಲಾಕ್ ಒಳಗಿನ ಟ್ಯಾಗ್ ಎರಡೂ ಕನ್ನಡ ಹಿಡಿಯುತ್ತವೆ. ಹೆಸರಿನ ಮೊದಲಿಗೆ 01, 02 ಅಂತ ಅಂಕಿ ಹಾಕಿ, ಸಾಲು ತಪ್ಪುವುದಿಲ್ಲ. ಮುಂದೆ ಯಾವಾಗಲಾದರೂ ಕಾರಿಗೆ ಎಂಪಿ3 ಸಿಡಿ ಮಾಡಿದರೆ ಮಾತ್ರ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ. ಹಳೆ ಸ್ಟೀರಿಯೋಗಳು ಕನ್ನಡ ತೋರಿಸುವುದಿಲ್ಲ.